ನಿಂಬೆಹಣ್ಣಿಗೆ ಕಟ್ಟಿದ ಕೆಂಪು ದಾರ

ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಏನಾದರೂ ಕಳೆದರೆ ಮೊದಲು ಅಂಜುತ್ತಿದ್ದರು, ಆಮೇಲೆ ಹುಡುಕುತ್ತಿದ್ದರು. ಸೀರೆಯ ಸೆರಗು ಹರಿದಿದ್ದರೆ ಇಲಿ ಕಡಿದಿರಬಹುದು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ, ಮೂರು ಸಲ ಉಗುಳಿ ಒಲೆಗೆ ಹಾಕಬೇಕು. ಕತ್ತರಿಸಿದ ಉಗುರು ಅಂಗಳದಲ್ಲಿ ಬೀಳಬಾರದು. ಕೂಸಿನ ಬಟ್ಟೆ ಹೊತ್ತು ಮುಳುಗುವುದರೊಳಗೆ ತಂತಿಯಿಂದ ಇಳಿಯಬೇಕು. ಇದೆಲ್ಲ ಆಯಿಯ ಕಾನೂನು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಹಾವು ಹೊಕ್ಕರೆ ಗಂಡಸರನ್ನು ಹಿಂದೆ ಸರಿಸಿ ತಾನೇ ಬಡಿಗೆ ಹಿಡಿದು ಹೋಗುತ್ತಿದ್ದ ಆ ಮುದುಕಿ, ಭಾನಾಮತಿ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬೇರೆ ಕಡೆ ಮಾಟ ಎನ್ನುತ್ತಾರಲ್ಲ, ಅದಕ್ಕೆ ನಮ್ಮ ಸೀಮೆಯಲ್ಲಿ ಆ ಹೆಸರು. ಆಯಿ ಆ ಹೆಸರನ್ನೂ ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದಳು. ನಾನು ಬಹಳ ದಿನದವರೆಗೆ 'ಅದು' ನಮ್ಮ ದನದ ಕೊಟ್ಟಿಗೆಯಲ್ಲಿ ಎಲ್ಲೋ ಇರುತ್ತದೆ ಎಂದು ತಿಳಿದು, ಸಂಜೆಯಾದ ಮೇಲೆ ಆ ಕಡೆ ಹೋಗುತ್ತಿರಲಿಲ್ಲ.

ಮನೆ ದೊಡ್ಡದೇ. ನೆಲಕ್ಕೆ ಶಹಾಬಾದ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯಲ್ಲಿ ಬೆಳಕಿತ್ತು, ಒಳಗೆ ಹೋದಂತೆ ಕತ್ತಲು. ನಡುಮನೆಯಲ್ಲಿ ತೊಗರಿಯ ಚೀಲ, ಜೋಳ ತುಂಬಿಡುವ ಗುಮ್ಮಿ, ತೊಟ್ಟಿಲು. ಅದರಾಚೆ ಅಡಿಗೆಮನೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ನಾನು ಹೆಂಚಿನಿಂದ ಇಳಿದ ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತ ಕೂತಿರುತ್ತಿದ್ದೆ. ಆಯಿ ಗ್ವಾಡೆಗೆ ಬೆನ್ನು ಹಚ್ಚಿ ತನ್ನ ತವರೂರಿನ ಕಥೆ ತೆಗೆಯುತ್ತಿದ್ದಳು. ಅಲ್ಲಿ ಒಬ್ಬ ಹೆಣ್ಣುಮಗಳು 'ಅದು' ಮಾಡುತ್ತಾಳೆಂದು ಊರವರು ಹಿಡಿದು, ಕಂಬಕ್ಕೆ ಕಟ್ಟಿ, ಮುಂದಿನ ನಾಲ್ಕು ಹಲ್ಲು ಕಿತ್ತಿದ್ದರಂತೆ.

"ಹಲ್ಲು ಯಾಕ ಕಿತ್ರು ಆಯಿ?"

"ಹಲ್ಲಿಲ್ಲದ ಬಾಯಾಗ ಮಂತ್ರ ನೆಟ್ಟಗ ಬರಂಗಿಲ್ಲ. ತೊದಲಿದ ಮಂತ್ರಕ್ಕ ಜೋರ ಇರಂಗಿಲ್ಲ. ಸುಮ್ನ ಉಣ್ಣು."

ಎಷ್ಟು ಸಲ ಹೇಳಿದರೂ ಆ ಹೆಂಗಸು ನಿಜವಾಗಿ ಏನಾದರೂ ಮಾಡಿದ್ದಳೋ ಇಲ್ಲವೋ ಎಂಬುದನ್ನು ಆಯಿ ಹೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ. ನಾನು ರೊಟ್ಟಿ ಅಗಿಯುತ್ತ ನನ್ನ ಹಲ್ಲುಗಳ ಮೇಲೆ ನಾಲಿಗೆ ಆಡಿಸಿಕೊಳ್ಳುತ್ತಿದ್ದೆ.

ಆ ಮನೆಯಲ್ಲಿ ನನಗೆ ಇಬ್ಬರು ಬೇಕಾದವರಿದ್ದರು. ಒಬ್ಬಳು ಚಿಗವ್ವ, ಅಪ್ಪನ ತಮ್ಮನಾದ ಕಾಕಾನ ಹೆಂಡತಿ ನೀಲಮ್ಮ. ಭೀಮಾ ದಂಡೆಯ ಮಣ್ಣೂರಿನಿಂದ ಬಂದವಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ಅರಿಶಿಣ ಕುಂಕುಮದ ತಟ್ಟೆ ಮನೆಗೆ ಬಂದ ಹೆಂಗಸರ ಮುಂದೆ ಒಯ್ಯುವ ಕೆಲಸ ಆಕೆಗೆ ಕೊಡುತ್ತಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ತಟ್ಟೆ ತಾನಾಗಿಯೇ ಅವ್ವನ ಕೈಗೆ ಹೋಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಚಿಗವ್ವ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲೆಯುತ್ತಿದ್ದಳು. ಆಕೆಯ ದಾರದ ಬುಟ್ಟಿ ನಡುಮನೆಯ ಗೂಡಿನಲ್ಲಿ ಇರುತ್ತಿತ್ತು. ಇನ್ನೊಬ್ಬಳು ಶಾರದತ್ತಿ, ಅಪ್ಪನ ತಂಗಿ. ಕಲಬುರಗಿಯಲ್ಲಿ ನರ್ಸಿಂಗ್ ಕಲಿತು ಆಳಂದದ ಒಂದು ಸಣ್ಣ ದವಾಖಾನೆಯಲ್ಲಿ ಕೆಲಸಕ್ಕಿದ್ದಳು. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಆಯಿ ಆಕೆಗೆ ತನ್ನ ಅಣ್ಣನ ಮಗನನ್ನು ಗೊತ್ತು ಮಾಡಿಟ್ಟಿದ್ದಳು. ಶಾರದತ್ತಿ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಮನೆಯವರು ಅದನ್ನು ನಾಚಿಕೆ ಎಂದುಕೊಂಡಿದ್ದರು.

ನಾಚಿಕೆಯಲ್ಲ ಎಂಬುದು ಗೊತ್ತಿದ್ದವಳು ನಾನೊಬ್ಬಳೇ. ಶಾರದತ್ತಿ ಜರ್ಮನ್ ಕಲಿಯುತ್ತಿದ್ದಳು. ಆಕೆಯ ನರ್ಸಿಂಗ್ ಶಾಲೆಯ ಒಬ್ಬ ಹಿರಿಯ ಸಿಸ್ಟರ್ ಮೂಲಕ ಆ ದೇಶದ ಒಂದು ವೃದ್ಧಾಶ್ರಮದಿಂದ ಕರೆ ಬಂದಿತ್ತು. ಪುಣೆಯಲ್ಲಿ ನಡೆಯುವ ಭಾಷೆಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಹೋಗಬಹುದು. ಆಕೆ ಟ್ರಂಕಿನ ತಳದಲ್ಲಿ ಒಂದು ಪುಸ್ತಕ ಇಟ್ಟಿದ್ದಳು, ಮೊಬೈಲಿನ ಮೆಮರಿ ಕಾರ್ಡಿನಲ್ಲಿ ಪಾಠ ಹೇಳುವ ಹೆಂಗಸಿನ ದನಿ ತುಂಬಿಸಿಕೊಂಡು ಬಂದಿದ್ದಳು. ನಾನು ಮಲಗುತ್ತಿದ್ದುದು ಅತ್ತಿಯ ಪಕ್ಕದಲ್ಲೇ. ಒಂದು ಕಿವಿಯ ತಂತಿ ಆಕೆಗೆ, ಒಂದು ನನಗೆ. ಹನ್ನೊಂದು ವರ್ಷದ ನನಗೆ ಏನೂ ಅರ್ಥವಾಗುತ್ತಿರಲಿಲ್ಲ, ಆದರೆ ಆಕೆಗಿಂತ ಬೇಗ ಬಾಯಿಪಾಠ ಆಗುತ್ತಿತ್ತು.

ಅತ್ತಿಯನ್ನು ಅಳಿಸಿದ್ದು ಆ ಭಾಷೆಯ ಒಂದು ವಿಚಿತ್ರ ರಿವಾಜು. ಅಲ್ಲಿ ಯಾವ ಸಾಮಾನಿನ ಹೆಸರೂ ಒಂಟಿಯಾಗಿ ಬರುವುದಿಲ್ಲ, ಮುಂದೆ ಡೆರ್, ಡೀ, ಡಾಸ್ ಈ ಮೂರರಲ್ಲಿ ಒಂದು ಇರಲೇಬೇಕು. ಚಮಚಕ್ಕೆ ಡೆರ್, ಅದು ಗಂಡು. ಬಾಗಿಲಿಗೆ ಡೀ, ಅದು ಹೆಣ್ಣು. ಚೂರಿಗೆ ಡಾಸ್, ಅದು ಎರಡೂ ಅಲ್ಲ. ಯಾಕೆ ಎಂದು ಕೇಳಿದರೆ ಪುಸ್ತಕಕ್ಕೂ ಗೊತ್ತಿಲ್ಲ. ಇಷ್ಟಕ್ಕೆ ಮುಗಿಯಲಿಲ್ಲ. ನಮ್ಮಲ್ಲಿ ಬೆರಳು ತೋರಿಸಿ 'ಈ' ಎಂದರೆ ಸಾಕು, ಬಾಗಿಲಾದರೂ ಈ, ಎಮ್ಮೆಯಾದರೂ ಈ, ಬೀಗರಾದರೂ ಈ. ಅಲ್ಲಿ ಬೆರಳು ಎತ್ತುವ ಮೊದಲೇ ಆ ಸಾಮಾನಿನ ಕುಲ ತಿಳಿದಿರಬೇಕು. ಡೀಜರ್ ಚಮಚ, ಡೀಜೆ ಬಾಗಿಲು, ಡೀಜೆಸ್ ಚೂರಿ. ಹುಡುಗಿಗೆ ಡಾಸ್ ಎಂದು ಬಂದ ದಿನ ಅತ್ತಿ ಪುಸ್ತಕ ಮುಚ್ಚಿ ನಕ್ಕುಬಿಟ್ಟಳು.

"ಇದೇನು ಹೊಸಾದು ಗಂಗಿ? ನಮ್ಮವ್ವನೂ ನನಗ 'ಅದು ಬಂತೇನು, ಅದು ಉಂಡತೇನು' ಅಂತಾನ ಕೇಳತಾಳ. ಅಲ್ಲಿಗಿ ಹೋದ್ರೂ ನಾ 'ಅದು'ನೇ ಆದೆ."

ಆದರೆ ಮರುದಿನ ಮತ್ತೆ ಎಲ್ಲ ಕಲಸುಮೇಲೋಗರ. ಪುಸ್ತಕದಲ್ಲಿ ಒಂದು ಉಪಾಯ ಬರೆದಿತ್ತಂತೆ: ಮನೆಯ ಸಾಮಾನುಗಳಿಗೆ ಮೂರು ಬಣ್ಣದ ಚೀಟಿ ಅಂಟಿಸಿ, ನೋಡಿದಾಗೊಮ್ಮೆ ಬೆರಳು ತೋರಿಸಿ ಹೇಳಿಕೊಳ್ಳಿ. ಅತ್ತಿ ಬಹಳ ಹೊತ್ತು ವಿಚಾರ ಮಾಡಿದಳು.

"ಚೀಟಿ ಹಚ್ಚಿದ್ರ ಎಲ್ಲಾರೂ ಓದತಾರ. ದಾರ ಕಟ್ಟಿದ್ರ? ದಾರ ಯಾರು ಓದತಾರ?"

ಓದಿ ನೌಕರಿ ಹಿಡಿದ ಹೆಣ್ಣುಮಗಳು, ಹುಟ್ಟಿದ ಮನೆಯನ್ನೇ ಮರೆತಳು. ನಮ್ಮ ಮನೆಯಲ್ಲಿ ಚೀಟಿ ಓದಬಲ್ಲವರು ಕಡಿಮೆ, ದಾರ ಓದುವವರೇ ಎಲ್ಲರೂ. ಆ ಸಂಜೆ ಆಕೆಗೆ ಇದು ಹೊಳೆಯಲಿಲ್ಲ. ನನಗಂತೂ ಆಟ ಸಿಕ್ಕ ಖುಷಿ. ಚಿಗವ್ವನ ಬುಟ್ಟಿಯಲ್ಲಿ ಹೆಚ್ಚಾಗಿದ್ದ ಮೂರು ಬಣ್ಣ ಕರಿ, ಕೆಂಪು, ಹಳದಿ. ಡೆರ್‌ಗೆ ಕರಿ, ಡೀಗೆ ಕೆಂಪು, ಡಾಸ್‌ಗೆ ಹಳದಿ ಎಂದು ಗೊತ್ತು ಮಾಡಿದೆವು. ಅತ್ತಿ ಒಂದು ನೋಟುಬುಕ್ಕಿನಲ್ಲಿ ಸಾಮಾನುಗಳ ಪಟ್ಟಿ ಕನ್ನಡದಲ್ಲಿ ಬರೆದು ಎದುರಿಗೆ ಬಣ್ಣ ಬರೆದಳು. ದಿನಾ ಹತ್ತು ಸಾಮಾನಿಗೆ ಮಾತ್ರ ಕಟ್ಟಬೇಕು, ಕಾಣದ ಜಾಗದಲ್ಲಿ ಕಟ್ಟಬೇಕು, ಸಂಜೆ ತಾನು ಬಂದು ಹೇಳಿದ ಮೇಲೆ ಬಿಚ್ಚಿಬಿಡಬೇಕು ಎಂದು ನನಗೆ ಹೇಳಿದಳು.

"ಯಾರ ಮುಂದನೂ ಉಸುರಬ್ಯಾಡ. ಗೊತ್ತಾದ್ರ ನನ್ನ ಕಾಲಾಗ ಬೇಡಿ ಹಾಕಿ ಲಗ್ನಾ ಮಾಡತಾರ. ತಮ್ಮನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು."

ತಮ್ಮ ಆಗ ಎಂಟು ತಿಂಗಳಿನವನು, ತೊಟ್ಟಿಲಲ್ಲಿ ಮಲಗಿದ್ದ. ಅತ್ತಿ ನಗುತ್ತಲೇ ಹೇಳಿದ್ದಳು, ಆಕೆಗೆ ಆಣೆಗಳಲ್ಲಿ ನಂಬಿಕೆ ಇರಲಿಲ್ಲ. ನನಗಿತ್ತು. ನೆತ್ತಿಯ ಮೇಲೆ ಕೈ ಇಟ್ಟಾಗ ಮೆತ್ತಗಿನ ಆ ಜಾಗ ಡಬಡಬ ಎನ್ನುತ್ತಿತ್ತು. ಈ ಮಾತು ಮುರಿದರೆ ಇದು ನಿಂತುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ಕೆಲವು ದಿನ ಹೇಳಿದಂತೆ ಕೇಳಿದೆ. ಆಮೇಲೆ ಬಿಚ್ಚುವುದು ಬಿಟ್ಟೆ, ಕಟ್ಟುವುದು ಹೆಚ್ಚಾಯಿತು. ಸೌಟಿನ ತೂತಿಗೆ, ಕೀಲಿಯ ಬಳೆಗೆ, ಕುರ್ಚಿಯ ಕಾಲಿಗೆ, ದೀಪದ ಕುತ್ತಿಗೆಗೆ, ತೊಟ್ಟಿಲಿನ ಕೊಂಡಿಗೆ. ತಮ್ಮನ ಬಟ್ಟೆಯ ಗೊಂಬೆಗೆ ಕೆಂಪು ಕಟ್ಟಿದೆ, ಏಕೆಂದರೆ ಗೊಂಬೆ ಡೀ. ಉಪ್ಪಿನ ಗಡಿಗೆಯ ಹಿಂದೆ ಇದ್ದ ಒಂದು ನಿಂಬೆಹಣ್ಣು ಕಂಡಿತು, ನಿಂಬೆಹಣ್ಣೂ ಡೀ, ಅದಕ್ಕೂ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಯಾರೂ ಇಲ್ಲದಾಗ ನಡುಮನೆಯಲ್ಲಿ ನಿಂತು ಒಂದೊಂದಕ್ಕೇ ಬೆರಳು ತೋರಿಸಿ ಡೀಜರ್, ಡೀಜೆ, ಡೀಜೆಸ್ ಎಂದು ಗುನುಗುತ್ತಿದ್ದೆ. ಕೊನೆಗೆ ತೊಟ್ಟಿಲ ಕಡೆ ತಿರುಗಿ ಡೀಜೆಸ್ ಕಿಂಡ್, ಈ ಕೂಸು, ಎನ್ನುತ್ತಿದ್ದೆ. ಅತ್ತಿಯನ್ನು ನಾನೇ ಪಾಸು ಮಾಡಿಸುತ್ತಿದ್ದೇನೆ ಎಂಬ ಸೊಕ್ಕು ನನಗೆ.

ಆ ವಾರ ಅಪ್ಪ ತೊಗರಿ ಮಾರಲು ಕಲಬುರಗಿಗೆ ಹೋಗಿದ್ದ. ದವಾಖಾನೆಯಲ್ಲಿ ಎರಡು ದಿನದ ಸತತ ಡ್ಯೂಟಿ ಬಂದು ಶಾರದತ್ತಿ ಆಳಂದದಲ್ಲೇ ಉಳಿದಿದ್ದಳು. ಆಗ ತಮ್ಮನಿಗೆ ವಾಂತಿ ಭೇದಿ ಶುರುವಾಯಿತು. ಆಯಿ ಬಜೆ ತೇಯ್ದು ನೆಕ್ಕಿಸಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೂಸು ಅಳುವುದನ್ನೂ ಬಿಟ್ಟಿತು. ಅವ್ವ ಎದೆಗೆ ಹಾಕಿಕೊಂಡರೆ ಬಾಯಿ ತೆರೆಯಲಿಲ್ಲ. ನಿವಾಳಿಸಲು ನಿಂಬೆಹಣ್ಣು ಬೇಕೆಂದು ಆಯಿ ಉಪ್ಪಿನ ಗಡಿಗೆಯ ಹಿಂದೆ ಕೈ ಹಾಕಿದಳು.

ಆಯಿ ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹಣ್ಣನ್ನು ನೆಲಕ್ಕೆ ಬಿಟ್ಟು, ಕೈಯನ್ನು ಸೀರೆಗೆ ಒರೆಸಿ ಒರೆಸಿ, ಗ್ವಾಡೆ ಹಿಡಿದು ಕೂತಳು. ಒಣಗಿ ಸುಕ್ಕಾದ ನಿಂಬೆಹಣ್ಣು ಉರುಳುತ್ತ ನನ್ನ ಕಾಲ ಹತ್ತಿರ ಬಂದು ನಿಂತಿತು. ನಾನು ಹಾಕಿದ ಗಂಟು ಹಾಗೇ ಇತ್ತು.

ಆಮೇಲೆ ಹುಡುಕಾಟ ಶುರುವಾಯಿತು. ತೊಟ್ಟಿಲಿನ ಕೊಂಡಿಯಲ್ಲಿ ಕೆಂಪು ದಾರ ಸಿಕ್ಕಾಗ ಅವ್ವ ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಓಡಿದಳು. ಕೀಲಿಯಲ್ಲಿ ಕರಿ, ದೀಪದಲ್ಲಿ ಕೆಂಪು, ಚೂರಿಯ ಹಿಡಿಯಲ್ಲಿ ಹಳದಿ. ಎದುರುಮನೆಯ ಹೆಂಗಸರು ಬಂದರು, ಅವರೂ ಹುಡುಕಿದರು. ಜೋಳ ಕೇರುವ ಮರದಲ್ಲಿ ದಾರ ಕಟ್ಟಿದ ಸಣ್ಣ ಸಾಮಾನುಗಳ ಗುಡ್ಡೆ ಬಿತ್ತು. ಗೊಂಬೆ ಸಿಕ್ಕಾಗ ಒಬ್ಬ ಮುದುಕಿ, ಇದು ಕೂಸಿನ ರೂಪ ಮಾಡಿ ಕಟ್ಟಿದ್ದು ಎಂದಳು. ನಾನು ಜೋಳದ ಗುಮ್ಮಿಯ ಹಿಂದೆ ಸರಿದು ನಿಂತಿದ್ದೆ. ಕೂಸಿಗೆ ಜಡ್ಡು ಬಂದದ್ದು ನನ್ನ ದಾರದಿಂದಲೇ ಇರಬಹುದೇ ಎಂದು ನನಗೇ ಅನುಮಾನ ಹುಟ್ಟಿತು. ಹೇಳಿಬಿಡಬೇಕು ಎನಿಸಿದಾಗಲೆಲ್ಲ ಅಂಗೈಯಲ್ಲಿ ಆ ನೆತ್ತಿಯ ಡಬಡಬ ನೆನಪಾಗುತ್ತಿತ್ತು. ಹೇಳಿದರೆ ಆಣೆ ಮುರಿದು ತಮ್ಮ ಸಾಯುತ್ತಾನೆ. ಹೇಳದಿದ್ದರೆ ಏನಾಗುತ್ತದೆ ಎಂಬುದು ಇನ್ನೂ ಗೊತ್ತಿರಲಿಲ್ಲ.

ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಯಾರೋ ಗೂಡಿನಿಂದ ಚಿಗವ್ವನ ದಾರದ ಬುಟ್ಟಿ ತಂದು ಮರದ ಪಕ್ಕಕ್ಕೆ ಇಟ್ಟರು. ಅದೇ ಕರಿ, ಅದೇ ಕೆಂಪು, ಅದೇ ಹಳದಿ.

"ಈ ದಾರ ಯಾರದ್ದು ಬೇ ನೀಲಮ್ಮ?" ಆಯಿ ಕೇಳಿದಳು.

"ನಂದ್ರಿ ಯವ್ವಾ. ಖರೆ ಅಂದ್ರ ನಾ ಕಟ್ಟಿಲ್ರಿ."

"ಹಿಂದಿನ ಅಮಾಸಿಗಿ ಮಣ್ಣೂರಿಗಿ ಹೋಗಿದ್ದಿ. ಹೊಳಿ ದಂಡ್ಯಾಗ ಯಾರನ್ನ ಕಂಡು ಬಂದಿ? ನಡುಮನ್ಯಾಗ ಬುಸುಬುಸು ಅಂತ ಮಂತರಾ ಅನ್ನೂದು ಎರಡ ಸರ್ತಿ ನಾ ಕೇಳೀನಿ. ನಿನ್ನ ಮಡಿಲಾಗ ಇಲ್ಲಂತ ಈಕಿ ಮಡಿಲಿಗಿ ಬೆಂಕಿ ಹಚ್ಚತಿಯೇನು?"

"ಇಲ್ರಿ ಯವ್ವಾ. ಆ ಕೂಸಿನ ಮ್ಯಾಲ ನನ್ನ ಜೀವ ಅದ."

ಆ ಮಾತೇ ಆಕೆಗೆ ಮುಳುವಾಯಿತು. ಬಂಜೆಯ ಜೀವ ಕೂಸಿನ ಮೇಲೆ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ ಯಾರ ಯಾರೋ ಏನೇನೋ ಎಸೆದರು: ಆಕೆ ಒಬ್ಬಳೇ ಕೂತು ನಗುತ್ತಾಳೆ, ಆಕೆ ಹೊಲೆದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ. ಅಷ್ಟರಲ್ಲಿ ಕಾಕಾ ಹೊಲದಿಂದ ಬಂದ. ಕಾಕಾ ಕೆಟ್ಟವನಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಸಂತೆಯಿಂದ ಬರುವಾಗ ನನಗೊಂದು ಪೊಟ್ಟಣ, ಹೆಂಡತಿಗೊಂದು ಮೊಳ ಮಲ್ಲಿಗೆ ತಪ್ಪದೆ ತರುತ್ತಿದ್ದ. ಆ ದಿನ ಮರದಲ್ಲಿದ್ದುದನ್ನು ನೋಡಿ ಅವನ ಮುಖ ಬೂದಿಯಾಯಿತು. ಅಂಜಿದ ಗಂಡಸನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಖರೆ ಹೇಳು ಎಂದು ಒದರಿ ಚಿಗವ್ವನ ಕೆನ್ನೆಗೆ ಹೊಡೆದ. ಆಕೆ ಮುಗ್ಗರಿಸಿ ಕಲ್ಲಿನ ಹೊಸ್ತಿಲ ಮೇಲೆ ಮುಖ ಅಡಿಯಾಗಿ ಬಿದ್ದಳು. ಎದ್ದಾಗ ಬಾಯಿ ತುಂಬ ರಕ್ತ. ಮುಂದಿನ ಒಂದು ಹಲ್ಲು ಹೊಸ್ತಿಲ ಅರಿಶಿಣದ ಮೇಲೆ ಬಿದ್ದಿತ್ತು.

"ಒಂದ ಹೋದ್ರ ಏನೂ ಆಗಂಗಿಲ್ಲ," ಎಂದಳು ಅದೇ ಮುದುಕಿ. "ಉಳಿದವು ಮೂರೂ ಕೀಳು. ಬಾಯಿ ಕಟ್ಟಿದ್ರ ಕೂಸು ಉಳಿತದ."

ಆಯಿ ಬೇಡ ಎನ್ನಲಿಲ್ಲ. ಕಾಕಾ ಒಳಗೆ ಹೋಗಿ ಮೋಟಾರಿನ ವೈರು ಹಿಡಿಯುವ ಪಕ್ಕಡ ತಂದ. ತಂದವನು ಅದನ್ನು ತೆರೆಯುತ್ತ ಮುಚ್ಚುತ್ತ ನಿಂತ. ಚಿಗವ್ವ ಅಳುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಜನರ ನಡುವೆ ಯಾರನ್ನೋ ಹುಡುಕುತ್ತಿದ್ದಳು. ಆ ಕಣ್ಣು ಗುಮ್ಮಿಯ ಕಡೆ ಬಂದು, ನನ್ನನ್ನು ಕಂಡು, ತಟಕ್ಕನೆ ಬೇರೆ ಕಡೆ ಹೋಯಿತು.

"ನಾನೇ ಕಟ್ಟೀನಿ," ಎಂದೆ. ದನಿ ಹೊರಬರಲಿಲ್ಲ. ಮುಂದೆ ಬಂದು ಮತ್ತೆ ಹೇಳಿದೆ. "ಚಿಗವ್ವ ಅಲ್ಲ. ನಾನೇ ಕಟ್ಟೀನಿ. ಇದು ಮಂತ್ರ ಅಲ್ಲ."

ಯಾರೂ ನಂಬಲಿಲ್ಲ. ಚಿಗವ್ವನ ಮೇಲಿನ ಪ್ರೀತಿಗೆ ಹೇಳುತ್ತಾಳೆ ಎಂದರು. ನನಗೆ ಬೇರೆ ದಾರಿ ಕಾಣದೆ ಬೆರಳು ಎತ್ತಿ ಒಂದೊಂದನ್ನೇ ತೋರಿಸತೊಡಗಿದೆ. ಬಾಗಿಲಿಗೆ ಡೀಜೆ ಟ್ಯೂರ್. ದೀಪಕ್ಕೆ ಡೀಜೆ ಲಾಂಪೆ. ಕುರ್ಚಿಗೆ ಡೀಜರ್ ಶ್ಟೂಲ್. ಅಳು, ಬಿಕ್ಕು, ನಡುವೆ ಜರ್ಮನ್. ಕಾಕಾನ ಕೈಯಲ್ಲಿದ್ದ ಪಕ್ಕಡದ ಕಡೆ ಬೆರಳು ಹೋಯಿತು, ಅದಕ್ಕೆ ಆ ಭಾಷೆಯಲ್ಲಿ ಏನನ್ನುತ್ತಾರೆ ನನಗೆ ಗೊತ್ತಿರಲಿಲ್ಲ, ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ಸುತ್ತಲಿನ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಅವ್ವ ನನ್ನನ್ನು ನೋಡಿದ ರೀತಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೆತ್ತ ತಾಯಿ ಮಗಳಿಗೆ ಅಂಜಿದ್ದಳು.

"ಅಯ್ಯೋ ನನ್ನ ಶಿವನ, ಈ ಹುಡುಗಿ ಬಾಯಾಗೂ ಹೊಕ್ಕದ," ಎಂದಳು ಆಯಿ. "ಲಗೂ ಕೀಳೋ."

ಕಾಕಾ ಚಿಗವ್ವನ ಗದ್ದ ಹಿಡಿದ. ನಾನು ಅವನ ಕೈಗೆ ಜೋತುಬಿದ್ದೆ, ಕಚ್ಚಿದೆ. ಸತ್ಯ ಹೇಳಿದರೂ ನಡೆಯುವುದಿಲ್ಲ, ಹೇಳಿದ್ದರಿಂದಲೇ ಹೆಚ್ಚು ಕೆಟ್ಟಿತು ಎಂಬುದು ತಿಳಿದಾಗ ಬಂದ ಭಯಕ್ಕೆ ತಳವಿರಲಿಲ್ಲ. ಆ ಹೊತ್ತಿಗೆ ಸಂಜೆಯ ಬಸ್ಸು ಊರ ಅಗಸಿಬಾಗಿಲ ಹತ್ತಿರ ಹಾರ್ನ್ ಹಾಕಿದ್ದು ಯಾರಿಗೂ ಕೇಳಿಸಿರಲಿಲ್ಲ. ಶಾರದತ್ತಿ ಹೆಗಲ ಚೀಲದೊಂದಿಗೆ ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ಮೊದಲು ಪಕ್ಕಡ ನೋಡಿದಳು, ಆಮೇಲೆ ಮರ ನೋಡಿದಳು. ಆಕೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ನೇರ ಹೋಗಿ ಅವ್ವನ ಕೈಯಿಂದ ಕೂಸನ್ನು ಎತ್ತಿಕೊಂಡು ಹೊಟ್ಟೆಯ ಚರ್ಮ ಚಿವುಟಿದಳು. ಚಿವುಟಿದ್ದು ಚಿವುಟಿದ ಹಾಗೇ ನಿಂತಿತು.

"ಮೈಯಾಗ ನೀರಿಲ್ಲ ಇದಕ. ಮೆಹಬೂಬಣ್ಣನ ಟಂಟಂ ಕರೀರಿ, ಈಗಿಂದೀಗ ಆಳಂದಕ್ಕ ಒಯ್ಯಬೇಕು."

ಆಯಿ ಬಾಗಿಲಿಗೆ ಅಡ್ಡ ನಿಂತಳು. "ಇದನ್ನ ಬಿಡಿಸೋತನಕ ಕೂಸು ಹೊಸ್ತಿಲಾ ದಾಟಂಗಿಲ್ಲ. ದಾಟಿದ್ರ ಹಾದ್ಯಾಗ ಹೋಗತದ."

ಅತ್ತಿಯ ಪರೀಕ್ಷೆಗೆ ಇನ್ನು ಮೂರೇ ವಾರ ಇತ್ತು. ಆಕೆ ಕೂಸನ್ನು ಅವ್ವನಿಗೆ ಕೊಟ್ಟು, ಒಳಗೆ ಹೋಗಿ ಟ್ರಂಕನ್ನೇ ಎಳೆದು ತಂದು ಪಡಸಾಲೆಯಲ್ಲಿ ಮಗುಚಿದಳು. ಸೀರೆ, ಕುಪ್ಪಸಗಳ ಕೆಳಗಿಂದ ಪುಸ್ತಕ, ನೋಟುಬುಕ್ಕು, ವಿದೇಶದ ಅಂಚೆಚೀಟಿಯ ಪತ್ರ ಬಿದ್ದವು. ನೋಟುಬುಕ್ಕು ತೆರೆದು ಕಾಕಾನ ಮುಂದೆ ಹಿಡಿದಳು.

"ಅಣ್ಣಾ, ಏಳನೇತ್ತ ಓದೀದಿ. ನೀನೇ ಓದು. ಎಲ್ಲಾರಿಗೂ ಕೇಳಂಗ ಓದು."

ನೋಟುಬುಕ್ಕು ಹಿಡಿಯಲು ಕಾಕಾ ಪಕ್ಕಡ ಕೆಳಗಿಡಬೇಕಾಯಿತು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದ.

"ದೀಪ, ಕೆಂಪು. ಚಮಚ, ಕರಿ. ಚೂರಿ, ಹಳದಿ. ಕೀಲಿ, ಕರಿ..."

ಅವನು ಒಂದೊಂದು ಓದಿದಂತೆ ಅತ್ತಿ ಮರದಿಂದ ಆ ಸಾಮಾನು ಎತ್ತಿ ಆಯಿಯ ಕಣ್ಣ ಮುಂದೆ ಹಿಡಿದಳು. ಪಟ್ಟಿಯಲ್ಲಿದ್ದ ಬಣ್ಣವೇ ಸಾಮಾನಿನಲ್ಲೂ ಇತ್ತು. ಗೊಂಬೆ, ಕೆಂಪು. ನಿಂಬೆಹಣ್ಣು, ಕೆಂಪು. ನಿಂಬೆಹಣ್ಣನ್ನು ಅತ್ತಿ ಕೈಯಲ್ಲಿ ಹಿಡಿದು, ದಾರವನ್ನು ಹಲ್ಲಿನಿಂದಲೇ ಕಡಿದು ಬಿಸಾಡಿದಳು. ಎದುರುಮನೆಯವರಲ್ಲಿ ಯಾರೋ ಹಾಂ ಎಂದು ಉಸಿರೆಳೆದರು. ಆಕೆಗೆ ಏನೂ ಆಗಲಿಲ್ಲ.

"ಇದು ನಾ ಪರೀಕ್ಷಾಕ್ಕ ಓದೂದು. ನಾ ಜರ್ಮನಿ ದೇಶಕ್ಕ ಹೊಂಟೀನಿ ಯವ್ವಾ, ಅಲ್ಲಿ ಮುದುಕರ ಸೇವಾ ಮಾಡಾಕ. ನಿಮಗ ಹೇಳದ ಹೊಂಟಿದ್ದೆ. ದಾರ ಕಟ್ಟು ಅಂತ ಈ ಹುಡುಗಿಗಿ ಹೇಳಿದಾಕಿ ನಾನು, ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿದಾಕಿನೂ ನಾನು. ಹಲ್ಲು ಕೀಳೂದಿ‌ದ್ರ ನಂದು ಕೀಳ್ರಿ. ಮೊದಲ ಕೂಸಿನ್ನ ಬಿಡ್ರಿ."

ಆಯಿ ಬಾಗಿಲಿನಿಂದ ಸರಿದಳು. ಮೆಹಬೂಬಣ್ಣ ಹೊರಗೆ ತನ್ನ ಮೂರು ಗಾಲಿಯ ಟಂಟಂ ಶುರು ಮಾಡಿಯೇ ಇಟ್ಟಿದ್ದ, "ಜಲ್ದಿ ಕುಂದರ್ರಿ ಅಕ್ಕಾ, ಅಲ್ಲಾ ಹೈ" ಎಂದು ಅವ್ವನನ್ನೂ ಅತ್ತಿಯನ್ನೂ ಹತ್ತಿಸಿಕೊಂಡ. ಚಿಗವ್ವನನ್ನು ಯಾರೂ ಹತ್ತು ಎನ್ನಲಿಲ್ಲ. ಅತ್ತಿಯೇ ಮತ್ತೆ ಕೆಳಗಿಳಿದು ಆಕೆಯ ರಟ್ಟೆ ಹಿಡಿದು ಕೂರಿಸಿಕೊಂಡಳು. ಟಂಟಂ ಹೋದ ಮೇಲೆ ಜನ ಒಬ್ಬೊಬ್ಬರಾಗಿ ಕರಗಿದರು. ಮನೆಯಲ್ಲಿ ಉಳಿದವರು ಆಯಿ, ಕಾಕಾ, ನಾನು. ನಾವು ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ತಮ್ಮ ಬದುಕಿದ. ಎರಡು ದಿನ ಸಲೈನ್ ಹಾಕಿಸಿಕೊಂಡು, ಮೂರನೆಯ ದಿನ ಇಡೀ ದವಾಖಾನೆ ಎಬ್ಬಿಸುವಂತೆ ಅತ್ತನಂತೆ. ಈಗ ಆರಡಿ ಎತ್ತರ ಇದ್ದಾನೆ. ಅಪ್ಪ ಬಂದು ಎಲ್ಲ ಕೇಳಿ ಮೊದಲು ಕಾಕಾನನ್ನು ಬೈದ, ಆಮೇಲೆ ಅತ್ತಿಯನ್ನು ಬೈದ. ಆಯಿ ಅತ್ತಿಯೊಂದಿಗೆ ನಾಲ್ಕು ತಿಂಗಳು ಮಾತಾಡಲಿಲ್ಲ, ಆದರೆ ಮದುವೆಯ ಮಾತನ್ನೂ ಎತ್ತಲಿಲ್ಲ. ಅತ್ತಿ ಆ ಸಲದ ಪರೀಕ್ಷೆಯಲ್ಲಿ ಫೇಲಾದಳು, ಮರುವರ್ಷ ಪಾಸಾದಳು. ಈಗಲೂ ಆ ದೇಶದಲ್ಲಿ ಮುದುಕರಿಗೆ ಉಣಿಸಿ ಮಲಗಿಸುವ ಕೆಲಸದಲ್ಲಿದ್ದಾಳೆ. ನಾನು ಜೇವರ್ಗಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ತರಗತಿಯಲ್ಲಿ ಪೆನ್ನೋ ಡಬ್ಬಿಯೋ ಕಳೆದರೆ, ಯಾರು ತಗೊಂಡ್ರಿ ಎಂದು ಎಲ್ಲರ ಎದುರು ಕೇಳುವ ಧೈರ್ಯ ನನಗಿಲ್ಲ. ಕೇಳಿದ ಕೂಡಲೇ ಮಕ್ಕಳ ಕಣ್ಣೆಲ್ಲ ಒಂದೇ ಹುಡುಗಿಯ ಕಡೆ ತಿರುಗುತ್ತವೆ, ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಚಿಗವ್ವನಿಗೆ ಯಾರೂ ತಪ್ಪಾಯಿತು ಎನ್ನಲಿಲ್ಲ. ಆಯಿ ಆಕೆಯ ರೊಟ್ಟಿಯ ಮೇಲೆ ಎರಡು ಚಮಚ ತುಪ್ಪ ಹೆಚ್ಚು ಹಾಕುತ್ತಿದ್ದಳು. ಕಾಕಾ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಹಲ್ಲು ಕಟ್ಟಿಸುತ್ತೇನೆ ಎಂದ. ಬೇಡ ಎಂದಳು. ಹತ್ತು ದಿನ ಕಳೆದ ಮೇಲೆ, ಒಂದಷ್ಟು ದಿನ ತವರಿನಲ್ಲಿ ಇದ್ದು ಬರುತ್ತೇನೆ ಎಂದು ಮಣ್ಣೂರಿಗೆ ಹೊರಟಳು. ಆ ಹತ್ತೂ ದಿನ ನಾನು ಆಕೆಯ ಮುಖ ನೋಡಿರಲಿಲ್ಲ. ಮುಂಜಾನೆ ಆಕೆಯ ಕೈಚೀಲ ಹಿಡಿದು ಬಸ್ ನಿಲ್ದಾಣದ ತನಕ ಹೋದೆ. ಅಫಜಲಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಆಕೆ ಸೆರಗಿನಿಂದ ಬಾಯಿ ಮರೆಮಾಡಿಕೊಂಡಿದ್ದಳು, ಅದು ಆಗಲೇ ರೂಢಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಚಿಗವ್ವಾ, ದಾರ ಸಿಕ್ಕ ಕೂಡ್ಲೇ ನಾ ಹೇಳಬೇಕಿತ್ತು. ಗುಮ್ಮಿ ಹಿಂದ ನಿಂತು ನೋಡಕೋತ ನಿಂತೆ. ಲಗೂ ಹೇಳಿದ್ರ ನಿನ್ನ ಹಲ್ಲು ಉಳಿತಿತ್ತು."

ಆಕೆ ಆಶ್ಚರ್ಯಪಡಲಿಲ್ಲ.

"ನೀ ಕಟ್ಟೂದು ನನಗ ಗೊತ್ತಿತ್ತು ಬೇ ಗಂಗಿ. ನನ್ನ ಬುಟ್ಟ್ಯಾಗಿನ ದಾರ ಯಾರು ಒಯ್ಯತಾರ ನನಗ ಗೊತ್ತಾಗಂಗಿಲ್ಲೇನು? ತೊಟ್ಟಲಿಗಿ ಕಟ್ಟೂದು ಕಣ್ಣಿಲೆ ನೋಡೀನಿ. ಏನೋ ಹುಡುಗಾಟ ಅಂತ ಬಿಟ್ಟಿದ್ದೆ."

ನಾನು ಆಕೆಯ ಕಡೆ ತಿರುಗಿ ಕೂತೆ.

"ಮತ್ತ ಗಂಗಿ ಕಟ್ಯಾಳ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಪಕ್ಕಡ ಯಾರ ಬಾಯಿಗಿ ಬರತಿತ್ತು?"

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಆಕೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಎದ್ದು ನಿಂತಳು. ನಾನು ಸೀರೆಯ ಚುಂಗು ಹಿಡಿದೆ.

"ನಿನಗ ಅಂಜಿಕಿ ಬರಲಿಲ್ಲೇನು ಚಿಗವ್ವಾ?"

"ಭಾಳ ಅಂಜಿದ್ದೆ. ನೀನೂ ಅಂಜಿದ್ದಿ. ಇಬ್ಬರೊಳಗ ದೊಡ್ಡಾಕಿ ನಾ ಇದ್ದೆ."